ಉಪ್ಪಚಂಡ

ಗೋಣಿಕೊಪ್ಪಲಿನ ಬಸ್ ನಿಲ್ದಾಣದ ಹಿಂದೆ ರಜಾಕನ ಅಂಗಡಿ,
ಬಟ್ಟೆಯ ಬೆನ್ನಿಗೆ ಹೆಸರು ಒತ್ತುವ ಬಿಸಿ ಯಂತ್ರ.
ಒಕ್ಕಗಳ ಹಾಕಿ ಪಂದ್ಯಕ್ಕೆ ಇನ್ನು ಒಂಬತ್ತು ದಿನ.
ಹದಿನೈದು ಜೆರ್ಸಿ ಕಾಫಿ ಹಣ್ಣಿನ ಕೆಂಪು,
ಗೋಲಿಗೆ ನಿಲ್ಲುವ ನನ್ನದೊಂದೇ ಹಳದಿ.

“ಅಕ್ಕ, ಪಕಾರಕ್ಕೆ ಒತ್ತಾ, ತಕಾರಕ್ಕಾ?
ಚೀಟಿಯಲ್ಲಿ ಒಂದಿದೆ, ಹೋದ ಸಲ ಇನ್ನೊಂದಿತ್ತು.”

ಇಪ್ಪತ್ತಾರು ವರ್ಷದಿಂದ ಗಂಡನ ಒಕ್ಕದ ಹೆಸರಲ್ಲಿ ಸಹಿ ಹಾಕುತ್ತ
ತಾಮನೆಗೆ ಆಡುವ ದಿನ ಮಾತ್ರ ಹಳೆಯದನ್ನು ತೊಡುವವಳು,
ನನಗೂ ತಟ್ಟನೆ ಹೊಳೆಯಲಿಲ್ಲ.
ನಾಳೆ ಹೇಳುತ್ತೇನೆ ಎಂದೆ.

ಐನ್‌ಮನೆಯಲ್ಲಿ ಚಿಣ್ಣಪ್ಪ ಮಾವ ಗೋಡೆಯ ಕೋವಿ ನೋಡುತ್ತಲೇ ಮಾತಾಡುವವರು.
“ಉಪ್ಪಚ್ಚ! ಅರಸನ ಉಪ್ಪು ತಿಂದವ,
ತಿಂದದ್ದಕ್ಕೆ ತಲೆ ಕೊಟ್ಟವ.
ಪೀಚೆಕತ್ತಿ ಹಿಡಿದು ಹನ್ನೊಂದು ಜನರನ್ನು...”
ಹೋದ ಹುತ್ತರಿಗೆ ಏಳಿತ್ತು.
ನಾನು ಲೆಕ್ಕ ಕೇಳಲಿಲ್ಲ, ಕಾಫಿ ಆರುತ್ತಿತ್ತು.

ಕಾಗದಗಳ ಟ್ರಂಕು ತೆಗೆದರೆ
ಜಮ್ಮಾ ಪತ್ರದಲ್ಲಿ ಉತ್ತಚಂಡ,
ಪಡಿತರ ಚೀಟಿಯಲ್ಲಿ ಉಪ್ಪಾಚಂದ,
ಬ್ಯಾಂಕಿನಲ್ಲಿ ಬರೀ ಯು.
ನಮ್ಮ ಮಾತಿಗೆ ಆಗ ಕಾಗದವಿರಲಿಲ್ಲ,
ಬರೆದವನು ಕನ್ನಡದವನು,
ಹೇಳಿದವನ ಬಾಯಲ್ಲಿ ಎಲೆಯಡಿಕೆ.

ಅಟ್ಟದ ಕೆಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಬೊಳ್ಳವ್ವ
ತಲೆ ಎತ್ತದೆ ಅಂದಳು:
“ಉಪ್ಪಚ್ಚ ಮನುಷ್ಯನಲ್ಲ. ಎತ್ತು.”

ಮಾವನ ಲೋಟ ನಿಂತಲ್ಲೇ ನಿಂತಿತು.

ಅಕ್ಕಿ ಹೇರಿಕೊಂಡು ಮಾಕುಟ್ಟದ ಕಾಡಿಳಿದು
ಮಲೆಯಾಳದ ಕಡೆಯಿಂದ ಉಪ್ಪು ತರುತ್ತಿದ್ದ ಕಾಲ.
ಅಣ್ಣತಮ್ಮಂದಿರು ಇಬ್ಬರು ಹೋದರು.
ತಿರುಗಿ ಬರುವಾಗ ಚಳಿಜ್ವರ.
ಒಬ್ಬ ಹೊಳೆಯ ಆಚೆ, ಒಬ್ಬ ಈಚೆ.
ಎತ್ತು ಒಂದೇ ಮನೆಗೆ ಬಂತು,
ಅಂಗಳದಲ್ಲಿ ನಿಂತು ಉಸಿರು ಬಿಟ್ಟಿತಂತೆ,
ಯಾರೋ ಸುದ್ದಿ ಹೇಳಲು ಬಂದು ಮಾತು ಸಿಗದೆ ನಿಂತ ಹಾಗೆ.
ದಾರಿಯ ಮಳೆಗೆ ಅರ್ಧ ಹೇರು ಕರಗಿ
ಬೆನ್ನಿನ ಹುಣ್ಣಿಗೆ ಇಳಿದಿತ್ತು.
ಗಾಯಕ್ಕೆ ಉಪ್ಪು ಅಂತ ನಾವು ಸುಮ್ಮನೆ ಹೇಳುತ್ತೇವೆ.
ಉಳಿದ ಅರ್ಧದಲ್ಲಿ ಆ ವರ್ಷ
ಇಬ್ಬರು ವಿಧವೆಯರು, ಐದು ಮಕ್ಕಳು ಉಂಡರು.
“ಯಾರ ಮನೆಯವರು?” ಅಂದರೆ ಊರು ಹೇಳಿತು:
ಉಪ್ಪಚ್ಚನವರು.

“ಎತ್ತಿನ ಹೆಸರಾ ನಮಗೆ?” ಮಾವ ಎದ್ದು ಹೋದರು.
ಕಾರಣವರಿಗೆ ಎಡೆಯಿಡುವ ರಾತ್ರಿ
ಬೊಳ್ಳವ್ವ ಬಾಳೆಲೆಯ ತುಂಡಿನಲ್ಲಿ ಒಂದು ಹಿಡಿ ಅನ್ನ, ಒಂದು ಕಲ್ಲುಪ್ಪು
ಹಟ್ಟಿಗೆ ಒಯ್ಯುತ್ತಿದ್ದದ್ದು ನೆನಪಾಯಿತು.
ಹಟ್ಟಿಯಲ್ಲಿ ಈಗ ಜೀಪು ನಿಲ್ಲುತ್ತದೆ.
ನಾಯಿಗೆ ಅಂದುಕೊಂಡಿದ್ದೆ.

ನಿಜವೋ ಸುಳ್ಳೋ. ಅವಳಿಗೆ ಹೇಳಿದ ಅತ್ತೆಯೂ
ಮದುವೆಯಾಗಿ ಬಂದವಳೇ, ಹೆಸರನ್ನು ಹೊರಗಿನಿಂದ ಕಂಡವಳು.

ರಾತ್ರಿ ನಿದ್ದೆ ಬಾರದೆ ಬಾಯಲ್ಲೇ ಹೊರಳಿಸಿದೆ.
ಅವಂಡ ಎಂದರೆ ಅವನ.
ಉಪ್ಪಚಂಡ ಎಂದರೆ ಉಪ್ಪಚ್ಚನ.
ಅವನ ಏನು? ಮನೆಯೇ, ಹೊಲವೇ, ಋಣವೇ?
ಇಷ್ಟು ತಲೆಮಾರು ಅರ್ಧ ವಾಕ್ಯವನ್ನು
ಹಣೆಗೆ ಹಚ್ಚಿಕೊಂಡು ಓಡಾಡಿದ್ದೇವೆ,
ಮುಂದಿನ ಪದ ಯಾರೂ ಕೇಳಲಿಲ್ಲ.

“ಪಕಾರಕ್ಕೇ ಒತ್ತು,” ಎಂದೆ ಬೆಳಿಗ್ಗೆ.
ಕತೆ ಕೇಳಿ ರಜಾಕ್ ನಕ್ಕ:
“ಉಪ್ಪು ಮಾರಿದವರು ನಮ್ಮವರೇ ಇರಬೇಕು ಅಕ್ಕ,
ಬಾಕಿ ಏನಾದರೂ ಇದೆಯಾ ನೋಡಿ.”
ಹದಿನಾರು ಜೆರ್ಸಿಗೆ ನೂರು ರೂಪಾಯಿ ಬಿಟ್ಟ.

ಯಂತ್ರ ಮುಚ್ಚಿತು, ಹಬೆ ಎದ್ದಿತು, ತೆರೆಯಿತು.
ಹಳದಿಯ ಬೆನ್ನಿನ ಮೇಲೆ, ಇನ್ನೂ ಬಿಸಿ,

ಉಪ್ಪಚಂಡ
೧